ಹಗೇವಿಗೆ ಗಾಜಿನ ಮುಚ್ಚಳ

ಸೋಮವಾರ, ಹದಿನೇಳನೆಯ ತಾರೀಕು

ನನ್ನ ಪುಟ್ಟಿಗೆ,

ಬೆಳಗಿನ ದೀಪ ಹಚ್ಚಿ, ನಿನ್ನ, ಅಳಿಯಂದಿರ, ಕೂಸಿನ ಹೆಸರು ದೇವರ ಮುಂದೆ ಹೇಳಿ, ಈ ಕಾಗದಕ್ಕೆ ಕೂತಿದ್ದೇನೆ. ನಿನ್ನ ಮೂರು ಕಾಗದವೂ ತಲುಪಿದವು. ಕೈನೋವಿತ್ತು, ಪೆನ್ನು ಬರೆಯುತ್ತಿರಲಿಲ್ಲ ಅಂತ ಏನಾದರೂ ಹೇಳಬಹುದು. ಎರಡೂ ಸುಳ್ಳು. ಉತ್ತರ ಬರೆಯಲು ಮನಸ್ಸಿರಲಿಲ್ಲ, ಅದಕ್ಕೇ ತಡವಾಯಿತು. ಕ್ಷಮಿಸು. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಒಂದು ಮಾತು ಮುಗಿಸಲು ಬಿಡುವವಳಲ್ಲ.

ನೀನು ಕೇಳಿದ್ದು ಎರಡು. ಹೊಸ ಮನೆ ನೋಡಲು ಬಂದವಳು ಎರಡನೇ ದಿನವೇ ಯಾಕೆ ಹೊರಟುಬಿಟ್ಟೆ ಎನ್ನುವುದು ಒಂದು. ಈ ಊರು ಬಿಟ್ಟು ನಿಮ್ಮ ಜೊತೆಗೇ ಬಂದು ಇರುತ್ತೀಯಾ ಎನ್ನುವುದು ಇನ್ನೊಂದು.

ಅದನ್ನು ಮನೆ ಅನ್ನಲು ನನಗೆ ನಾಲಿಗೆ ತಿರುಗುವುದಿಲ್ಲ. ನಲವತ್ತು ವರ್ಷ ಅದು ಕಾಳಿನ ಗೋದಾಮಾಗಿತ್ತು. ಆಮೇಲೆ ಹತ್ತು ವರ್ಷ ಬಾವಲಿಗಳದಾಗಿತ್ತು. ಈಗ ನಿಮ್ಮದು. ಬಾವಲಿಗಳಾದರೂ ಗೋಡೆಯ ಗಿಲಾವು ಕೆತ್ತಿರಲಿಲ್ಲ. ಸದಾ ಸೊಂಟಕ್ಕೆ ಅಳತೆಯ ಟೇಪು ಸಿಕ್ಕಿಸಿಕೊಂಡಿರುವ ನಿಮ್ಮ ಆರ್ಕಿಟೆಕ್ಟ್, ಅದೇ ಟೇಪಪ್ಪ, ನನ್ನನ್ನು ಸುತ್ತಾಡಿಸಿದನಲ್ಲ, ಇಟ್ಟಿಗೆಯೆಲ್ಲ ಹಲ್ಲು ಕಿರಿದುಕೊಂಡು ನಿಂತಿದ್ದವು. ಸಿಮೆಂಟು ಸಾಲಲಿಲ್ಲವೇನಪ್ಪ ಅಂತ ಕೇಳಿದೆ.

"ಬೇಕಂತಲೇ ಹಾಗೆ ಬಿಟ್ಟಿರೋದಮ್ಮ. ಕಟ್ಟಡ ತನ್ನ ಕಥೆ ತಾನೇ ಹೇಳ್ಬೇಕು."

"ಹೇಳಿದ್ರೆ ಕೇಳಿಸ್ಕೊಳ್ಳೋ ತಾಕತ್ತಿದೆಯಾ ನಿಂಗೆ?" ಅಂದೆ. ನಕ್ಕ. ನಗುವುದಕ್ಕೂ ಅವನಿಗೆ ಸಂಬಳವಿದೆ ಅಂತ ಕಾಣುತ್ತದೆ.

ಕಿಟಕಿಗಳು ಎರಡಾಳೆತ್ತರದಲ್ಲಿವೆ. ಕಾಳಿಗೆ ಗಾಳಿ ಬೇಕು, ಬೀದಿ ನೋಡುವ ಚಪಲ ಕಾಳಿಗಿಲ್ಲ. ಅದಕ್ಕೇ ಹಾಗೆ ಇಟ್ಟಿದ್ದರು. ಹೊರಗೆ ಬಿಸಿಲೋ ಮೋಡವೋ ತಿಳಿಯಲು ನೀನು ಏಣಿ ಹತ್ತಬೇಕು. ಬಾಗಿಲು ಗಾಡಿ ನುಗ್ಗುವಷ್ಟು ಅಗಲ, ತಳ್ಳಲು ಅಳಿಯಂದಿರ ಭುಜವೊಂದೇ ಸಾಲದು. ಮೂಟೆ ಎಳೆಯುವ ಕೊಕ್ಕೆಯಲ್ಲಿ ಕೈಚೀಲ, ತಕ್ಕಡಿಯ ತಟ್ಟೆಯಲ್ಲಿ ಹೂಗಿಡ. ಹಾಸಿಗೆ ಕೊಡವಿದರೆ ನುಸಿ. ತೋರಿಸಿದರೆ, "ಅವು ಹಳೇ ಗೋಡೆಯವಮ್ಮ" ಅಂದೆ ನೀನು, ನೆಂಟರ ಪರಿಚಯ ಮಾಡಿಕೊಟ್ಟ ಹಾಗೆ.

ನಿನ್ನ ಅತ್ತೆಯವರ ಮಾತು ಬೇಡವೇ ಬೇಡ. ಮನೆ ನೋಡಲು ಬಂದವರಿಗೆಲ್ಲ, "ನಮ್ಮ ಸೊಸೆ ತಂದೆ ಇಲ್ಲೇ ಮ್ಯಾನೇಜರಾಗಿದ್ರು" ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ಇದ್ದೆ. ಮೂಟೆ ಹೊರ್ತಿದ್ರು ಅಂದೆ. ಬೀಗಿತ್ತಿಗೆ ತಮಾಷೆ ಜಾಸ್ತಿ ಅಂತ ಅವರು ಎಲ್ಲರನ್ನೂ ಮುಂದಿನ ಕೋಣೆಗೆ ಸಾಗಿಸಿದರು. ಮೂಟೆ ಹೊತ್ತ ಬೆನ್ನು ಅವರ ಗೋಡೆಗೆ ಒಪ್ಪುತ್ತದೆ, ಬೀಗಸ್ತಿಕೆಗೆ ಒಪ್ಪುವುದಿಲ್ಲ.

ಮೂಲೆಯ ಗೋಡೆಯಲ್ಲಿ ಒಂದು ಗೂಡಿದೆ, ನೋಡಿದ್ದೀಯಲ್ಲ. ನಾವು ಅಲ್ಲೇ ಕಾವಲಿಗಿದ್ದ ಮೂರು ವರ್ಷ ಅದೇ ನನ್ನ ದೇವರಮನೆ. ನನ್ನ ದೀಪದ ಮಸಿ ಇನ್ನೂ ಉದ್ದಕ್ಕೆ ನಾಲಿಗೆಯ ಹಾಗೆ ಗೋಡೆಗೆ ಅಂಟಿಕೊಂಡಿದೆ. ಅಳಿಸಿಹೋಗದಿರಲಿ ಅಂತ ಟೇಪಪ್ಪ ಅದಕ್ಕೆ ವಾರ್ನಿಷ್ ಬಳಿಸಿದ್ದಾನೆ. ಒಳಗೆ ಬೀಗದ ಕೈ, ಫೋನಿನ ಚಾರ್ಜರು. ದೇವರನ್ನು ಆಚೆಗಿಟ್ಟು ಮಸಿಯನ್ನು ಕಾಪಾಡುವ ಬುದ್ಧಿ ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ.

ಎಲ್ಲಕ್ಕೂ ಕಳಶವಿಟ್ಟ ಹಾಗೆ ಆ ಹಗೇವು. ಕಾಳು ತುಂಬಿ ಬಾಯಿ ಮುಚ್ಚಿಡಲು ನೆಲದಲ್ಲಿ ತೋಡಿದ ಗುಂಡಿ ಅದು, ಎರಡಾಳು ಆಳ. ಮಣ್ಣು ಸುರಿದು ಮುಚ್ಚುವುದು ಬಿಟ್ಟು, ನಡುಮನೆಯಲ್ಲಿ ಅದರ ಬಾಯಿಗೆ ದಪ್ಪ ಗಾಜು ಹಾಕಿಸಿ, ಒಳಗೆ ಬಲ್ಬು ಇಳಿಬಿಟ್ಟು, ಹಗಲು ಹೊತ್ತಿನಲ್ಲೂ ಉರಿಸುತ್ತೀರಿ. ಗುಂಡಿಗೆ ಯಾತರ ದೀಪ? ಕೂಸು ಆ ಗಾಜಿನ ಮೇಲೆ ಬೋರಲು ಬಿದ್ದು, ಒಳಗಿನ ಬೆಳಕು ಬೇಕು ಅಂತ ಅಂಗೈಯಲ್ಲಿ ತಟ್ಟುತ್ತಿತ್ತು. ನೀವೆಲ್ಲ ಫೋನು ಎತ್ತಿಕೊಂಡಿರಿ. ನಾನು ನನ್ನ ಚೀಲ ಎತ್ತಿಕೊಂಡೆ.

"ಅಪ್ಪ ಓಡಾಡಿದ ಜಾಗಮ್ಮ, ಅದಕ್ಕೇ ಹಟ ಮಾಡಿ ಕೊಂಡಿದ್ದು" ಅಂತ ನೀನು ಬಾಗಿಲಲ್ಲಿ ನನ್ನ ಕೈ ಹಿಡಿದು ಹೇಳಿದೆ. ಆಗ ನನ್ನ ಬಾಯಿಗೆ ಬಂದದ್ದು ಬಸ್ಸಿನ ಸಮಯ.

ಎರಡನೆಯದಕ್ಕೆ ಉತ್ತರ ಚಿಕ್ಕದು. ಆ ಬಲ್ಬು ಆರಿಸು, ಗಾಜು ಕೀಳಿಸು, ಗುಂಡಿಗೆ ಮಣ್ಣು ತುಂಬಿಸು. ಆಮೇಲೆ ನಾನು ಬರುವ ಮಾತು.

ಅಳಿಯಂದಿರಿಗೆ ಆಶೀರ್ವಾದ. ಅವರು ಒಳ್ಳೆಯವರು, ಕಣ್ಣಿಗೆ ಬಿದ್ದ ಕಟ್ಟಡ ಮಾತ್ರ ಕೆಟ್ಟದು. ಕೂಸಿನ ಎರಡೂ ಅಂಗೈಗೆ ನನ್ನ ಮುತ್ತು. ಟೇಪಪ್ಪನಿಗೆ ಏನೂ ಇಲ್ಲ. ನಿಮ್ಮ ತಲೆಯ ಮೇಲೆ ದೇವರ ಕೈ ಇರಲಿ.

ನಿನ್ನ ಅಮ್ಮ

ಬರೆಯದೇ ಬಿಟ್ಟದ್ದು: ಮೇಲಿನದನ್ನು ಮಡಿಸಿಟ್ಟು ಎರಡು ದಿನವಾಯಿತು. ಅಂಚೆಗೆ ಹಾಕಲು ಕಾಲೇ ಬರಲಿಲ್ಲ.

ನಿನ್ನಪ್ಪ ಎದೆನೋವಿನಿಂದ ಹೋದರು ಅಂತ ಹೇಳಿ ನಿನ್ನನ್ನು ಬೆಳೆಸಿದೆ. ಅವರು ಹೋದದ್ದು ಆ ಹಗೇವಿನೊಳಗೆ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅದಕ್ಕೇ ಆಳು ಇಳಿಯುವ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಅವತ್ತು ಬೆಳಗ್ಗೆ ಲಾಟೀನಿನಲ್ಲಿ ಸೀಮೆಎಣ್ಣೆ ಮುಗಿದಿತ್ತು. ನಾನು ಆ ಗೂಡಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದೆ.

"ಆ ದೀಪಾನ ಒಂದ್ ಗಳಿಗೆ ಕೊಡೇ" ಅಂದರು.

"ದೇವರ ದೀಪ ಇರೋದು ಗುಂಡಿಗಿಳ್ಸೋಕಲ್ಲ" ಅಂದೆ. ಟೇಪಪ್ಪನ ಹತ್ತಿರ ಮಾತಾಡಿದೆನಲ್ಲ, ಅದೇ ದನಿಯಲ್ಲಿ ಅಂದೆ. ಕಣ್ಣು ಕೂಡ ತೆರೆಯಲಿಲ್ಲ.

"ಆಯ್ತು ಬಿಡು" ಅಂತ ನಕ್ಕು, ಹಾಗೇ ಇಳಿದರು. ನೀನು ಗೋಣಿಚೀಲದ ಮೇಲೆ ಮಲಗಿದ್ದೆ, ಹನ್ನೊಂದು ತಿಂಗಳ ಕೂಸು. ನನ್ನ ದೀಪ ಅವತ್ತು ಸಂಜೆಯವರೆಗೂ ಅಲುಗಾಡದೆ ಉರಿಯಿತು.

ಮಣ್ಣು ತುಂಬಿಸಬೇಡ. ನಾನು ಬರುವ ತನಕ ಆ ಬಲ್ಬು ಆರಿಸಬೇಡ.