ದುಪ್ಪಟಿ ತೆಗೆದಿಡಿ

ಧಾರವಾಡ, ೩೦ ಫೆಬ್ರವರಿ ೨೧೫೧

ಪ್ರೀತಿಯ ಶೈಲಜ್ಜಿಯವರಿಗೆ,

ಫೆಬ್ರವರಿಗೆ ಮೂವತ್ತನೆಯ ತಾರೀಖು ಎಲ್ಲಿಂದ ಬಂತೆಂದು ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಅದಕ್ಕೆ ಎರಡು ದಿನ ಸೇರಿಸಿದ್ದಾರೆ. ಇಪ್ಪತ್ತೆರಡು ವರ್ಷದ ನಿಮ್ಮನ್ನು ಇಪ್ಪತ್ತನಾಲ್ಕರ ನಾನು ಅಜ್ಜಿ ಎನ್ನುತ್ತಿರುವುದಕ್ಕೂ ಕ್ಷಮೆಯಿರಲಿ. ನೀವು ನನ್ನ ಅಜ್ಜಿಯ ಅಜ್ಜಿ. ನಿಮಗೆ ಮಕ್ಕಳಾಗುವ ಸುದ್ದಿಯನ್ನು ಹೀಗೆ ಮೊದಲೇ ಹೇಳಿಬಿಟ್ಟೆ, ಅದನ್ನೂ ಮನ್ನಿಸಿ.

ಆ ವಯಸ್ಸಿನ ನಿಮ್ಮ ಒಂದು ಫೋಟೋ ನನ್ನ ಬಳಿ ಇದೆ. ಆಸ್ಪತ್ರೆಯ ಅಗಲವಾದ ಗಾಲಿಕುರ್ಚಿ, ಎಡಕ್ಕೆ ವಾಲಿದ ಮೈಗೆ ಆನಿಕೆಯೆಂದು ಪಕ್ಕೆಗೆ ಮಡಚಿ ತುರುಕಿದ ದುಪ್ಪಟಿ, ಪಾದದ ಹಲಗೆಗೆ ಎಟುಕದೆ ತೂಗುವ ಕಾಲು. ಹಿಂಬದಿಯಲ್ಲಿ ನಿಮ್ಮದೇ ಅಕ್ಷರ: ‘ಅಡ್ಜಸ್ಟ್ ಆಗ್ತದ.’

ನನಗೆ ಆಗಲಿಲ್ಲ. ನಮ್ಮಲ್ಲಿ ಪ್ರತಿ ಓಣಿಗೂ ಒಂದು ಓದುಮನೆಯಿದೆ, ಸಂಜೆ ಮೂರು ತಾಸು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಅವರೆಕಾಯಿ ಸುಲಿಯುತ್ತ ಕೇಳುತ್ತಾರೆ. ಸಾಹಿತ್ಯ ಓದಿದ ನನಗೆ ಆ ಕೆಲಸ ಸಿಕ್ಕಿತು. ಆದರೆ ನನ್ನ ಹಳೆಯ ಗಾಲಿಕುರ್ಚಿಯಲ್ಲಿ ಒಂದು ತಾಸಿಗೇ ಬೆನ್ನು ಉರಿಯುತ್ತಿತ್ತು. ಮೈ ವಾಲದಂತೆ ಎಡಗೈ ಊರಬೇಕು, ಪುಸ್ತಕಕ್ಕೆ ಒಂದೇ ಕೈ. ತಿಂಗಳೊಳಗೆ ಸರಿಹೋಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಓದುಮನೆಯ ಹಿರಿಯರು ಮೆತ್ತಗೇ ಹೇಳಿದರು. ಅದಕ್ಕೇ ಕೂರಳತೆಗೆ ಹೆಸರು ಕೊಟ್ಟೆ. ಒಬ್ಬರು ಮನೆಗೇ ಬಂದು, ಒಂದಿಡೀ ದಿನ ಜೊತೆಗಿದ್ದು, ತೊಡೆಯ ಉದ್ದ, ಸೊಂಟದ ಅಗಲ, ಬೆನ್ನಿನ ಬಾಗು, ಭಾರ ಬೀಳುವ ಜಾಗ ಎಲ್ಲವನ್ನೂ ನೋಡಿ ಕುರ್ಚಿ ಕಟ್ಟಿಸುವುದಕ್ಕೆ ನಾವು ಹಾಗೆನ್ನುತ್ತೇವೆ.

ಬಂದವರು ದ್ಯಾಮಕ್ಕ. ನಮ್ಮ ಮನೆಗಳಲ್ಲಿ ಎತ್ತರದ ಹೊಸ್ತಿಲಿಲ್ಲ, ನೆಲಕ್ಕೆ ಸಮನಾದ ಹಿತ್ತಾಳೆ ಪಟ್ಟಿಗೇ ಅರಿಶಿನ ಕುಂಕುಮ. ಅದನ್ನು ತುಳಿಯದೆ ದಾಟಿ ಬಂದರು. ಹಿರಿಯರೆದುರು ಸೊಟ್ಟಗೆ ಕೂರಬಾರದೆಂದು ನಾನು ಉಸಿರು ಬಿಗಿಹಿಡಿದು ನೆಟ್ಟಗೆ ಕುಳಿತೆ. ಅವರು ಟೇಪು ಹಿಡಿದು ಅಳೆದರು, ಒಂದಂಕಿಯನ್ನೂ ಬರೆದುಕೊಳ್ಳಲಿಲ್ಲ. “ಯವ್ವಾ, ನಾ ಏನ್ ನಿನ್ನ ಹೆಣ್ಣು ನೋಡಾಕ ಬಂದೀನೇನ? ಹಿಂಗ್ಯಾಕ ಸೆಟದ ಕುಂತೀ?” ಎಂದು ನಕ್ಕು, ಚಹಾ ಕೇಳಿ, ಏನಾದರೂ ಓದೆಂದರು.

ಓದುತ್ತ ಅವರನ್ನು ಮರೆತೆ. ಬಹಳ ಹೊತ್ತಿನ ಮೇಲೆ ನೋಡಿದರೆ ಅವರು ನೆಲಕ್ಕೆ ಮಂಡಿಯೂರಿ ಅಳೆಯುತ್ತಿದ್ದರು. ನನ್ನ ಮೈ ಎಡಕ್ಕೆ ವಾಲಿತ್ತು, ಬಲಭುಜ ಮೇಲೆದ್ದಿತ್ತು, ಥೇಟ್ ನಿಮ್ಮ ಫೋಟೋದಂತೆ. “ಈಗ ಕುಂತಿ ನೋಡು. ಆ ಸೆಟದ ಹುಡುಗಿಗೆ ಮಾಡಿದ್ರ ಕುರ್ಚಿ ಅಕೀದಾಗ್ತಿತ್ತು, ನಿಂದಲ್ಲ,” ಎಂದರು.

ಕುರ್ಚಿ ಮೊನ್ನೆ ಬಂತು. ನಿನ್ನೆ ಮೂರು ತಾಸು ಓದಿದೆ. ಎರಡನೆಯ ತಾಸಿನಲ್ಲಿ ಪುಟ ತಿರುವುವಾಗ, ಎಡಗೈ ಪುಸ್ತಕ ಹಿಡಿದಿರುವುದು ಕಣ್ಣಿಗೆ ಬಿತ್ತು. ಅದು ಯಾವಾಗ ಅಲ್ಲಿಗೆ ಬಂತೋ ತಿಳಿಯದು. ಹಿಂದಿನ ಸಾಲಿನಲ್ಲಿ ಒಬ್ಬರು ಗೊರಕೆ ಹೊಡೆಯುತ್ತಿದ್ದರು, ಅದೂ ಇಷ್ಟವಾಯಿತು. ಮುಗಿದ ಮೇಲೆ ಹಿರಿಯರು ನಾಳೆಯ ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟು ಹೋದರು.

ನಿಮ್ಮ ಕಾಲದಲ್ಲಿಯೂ ಹೀಗೆ ಅಳೆಯಬಲ್ಲವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದರಂತೆ. ಕೇಳಲು ಸಂಕೋಚವೆಂದು ಬಲ್ಲೆ, ಅದೂ ನಿಮ್ಮಿಂದಲೇ ನನಗೆ ಬಂದದ್ದು. ಆದರೂ ಹುಡುಕಿಕೊಂಡು ಹೋಗಿ. ಅವರೆದುರು ಮರ್ಯಾದೆಗೆಂದು ನೆಟ್ಟಗೆ ಕೂರಬೇಡಿ, ಫೋಟೋದಲ್ಲಿ ಕೂತಂತೆಯೇ ಕೂತಿರಿ. ಆ ದುಪ್ಪಟಿಯನ್ನು ಕೊಡವಿ ಹಾಸಿಗೆಯ ಮೇಲೆ ಹಾಕಿಬಿಡಿ. ಅದು ಅಲ್ಲಿಯದು.

ನಿಮ್ಮಂತೆಯೇ ಎಡಕ್ಕೆ ವಾಲುವ,
ಸುವ್ವಿ