ಹೆಸರಿಲ್ಲದ ನಾಲ್ಕು ತಗಡು

ಔರಾದ, ಮೇ ೯

ಅಪ್ಪಾ,

ನಾನು ಚೆನ್ನಾಗಿದ್ದೇನೆ, ಮೊದಲು ಅದನ್ನು ಓದು. ಗಾಳಿಗೆ ಫೋನಿನ ಟವರ್ ಬಿದ್ದಿದೆ, ಅದಕ್ಕೇ ಈ ಕಾರ್ಡು.

ನಾವು ದೋಣಿಗೆ ಹೆಸರು ಬರೆಯುವ ಹಾಗೆ ಈ ಊರಿನವರು ಮನೆಯ ಮೇಲಿನ ತಗಡಿಗೆಲ್ಲ ಹೆಸರು ಬರೆಸುತ್ತಾರೆ. ದನದ ಆಸ್ಪತ್ರೆಗೆ ಹೋಗುವ ನನ್ನ ಸ್ಕೂಟರಿಗೆ ನೆರಳಾಗಲೆಂದು ನಾಲ್ಕು ತಗಡು ಹಾಕಿಸಿದೆ. ಮನೆಯೊಡತಿ ಶೇವಂತಾಬಾಯಿ, "ಹೆಸರ ಬರಸ್ರಿ ಮೇಡಂ. ಗಾಳಿಗಿ ಓದ್ಲಾಕ ಬರಲ್ಲ, ಮಂದಿಗಿ ಬರ್ತದ" ಅಂದರು. ಕಡಲಿನ ಗಾಳಿ ಕಂಡವಳು ನಾನು ಎಂದು ನಕ್ಕುಬಿಟ್ಟೆ.

ಮೊನ್ನೆ ಸಂಜೆ ಸಿಡಿಲಿನ ಜೊತೆ ಗಾಳಿ ಬಂತು. ತಡೆಯಲು ಒಂದು ಗುಡ್ಡವೂ ಇಲ್ಲದ ಬಯಲು ಇದು. ನಾನು ಮಂಚದ ಕೆಳಗೆ ಮಲಗಿದ್ದೆ. ನಾಲ್ಕು ತಗಡೂ ಹಾರಿಹೋದವು. ಯಾರಿಗೂ ತಾಗಲಿಲ್ಲ, ಪುಣ್ಯ.

ಬೆಳಿಗ್ಗೆ ಜನ ಹೊಲದಲ್ಲಿ ಬಿದ್ದ ತಗಡುಗಳ ಹೆಸರು ಓದಿ ಅವರವರ ಮನೆಗೆ ಮುಟ್ಟಿಸಿದರು. ನನ್ನ ನಾಲ್ಕೂ ಬಂದವು. ಗುರುತು ಹೇಗೆ ಸಿಕ್ಕಿತೆಂದು ಕೇಳಿದೆ.

"ಹೆಸರ ಇಲ್ದವು ನಿಮ್ಮವೇ ಅಲ್ಲೇನ್ರಿ?" ಅಂದರು ಶೇವಂತಾಬಾಯಿ. "ಊರಾಗ ಬರಸಲಾರ್ದವ್ರು ನೀವೊಬ್ರೇ ಅದೀರಿ."

ದೋಣಿಗೆ ಬಳಿದು ಉಳಿದ ನೀಲಿ ಬಣ್ಣ ಇದ್ದರೆ ಕಳಿಸು.

ಸುಕನ್ಯಾ