ನೋಟರಿ ಓದಿದ ಆರನೇ ಷರತ್ತು

ಟ್ರಿಯೆಸ್ಟೆಯ ಸಮಸ್ತ ನೋಟರಿಗಳೇ, ಗಡಿ ದಾಟಿ ಮದುವೆಯಾಗುವ ಧೈರ್ಯವಂತರೇ, ಮುದ್ರೆಯ ಸದ್ದಿಗೂ ನಿದ್ರೆ ಬಿಡದ ಸಾಕ್ಷಿಗಳೇ, ಗಮನವಿಟ್ಟು ಕೇಳಿ! ಸ್ಟೊಯಾನ್, ನೀನೂ ಕೇಳು. ಬೆಲ್‌ಗ್ರೇಡಿನ ಮಣ್ಣು ಸೇರಿ ವರ್ಷವಾಯಿತು, ನಿನಗೀಗ ಬಿಡುವಿದೆ.

ಇವತ್ತು ಮದುವೆಗೆ ಮುಂಚಿನ ಆಸ್ತಿ ಒಪ್ಪಂದವೊಂದಕ್ಕೆ ದುಭಾಷಿಯಾಗಿ ಹೋಗಿದ್ದೆ. ಹುಡುಗಿ ಫುಲ್ವಿಯಾ, ಇಲ್ಲಿಯವಳು. ಹುಡುಗ ಗೊರಾನ್, ನಿಮ್ಮ ಸರ್ಬಿಯಾದವನು. ನೋಟರಿ ಇಟಾಲಿಯನ್ನಿನಲ್ಲಿ ಓದುತ್ತಿದ್ದರೆ ಅವನೂ ನಿನ್ನ ಹಾಗೆಯೇ ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ.

"ಅಕ್ಕಾ, ಎಲ್ಲಿ ಸಹಿ ಹಾಕ್ಬೇಕು ಹೇಳಿ, ಸಾಕು."

"ಸುಮ್ನೆ ಕೂತು ಕೇಳೋ ಮಾರಾಯ," ಎಂದೆ. "ಆರನೇ ಷರತ್ತು. ಬೇರೆಯಾದ್ರೆ ಇಟಲಿ ಕಾನೂನೇ ನಡೆಯತ್ತೆ. ಮನೆ ಅವಳದು. ನೀನು ಎಷ್ಟೇ ದುಡಿದು ರಿಪೇರಿ ಮಾಡಿದ್ರೂ ನಿನಗೇನೂ ಸಿಗಲ್ಲ."

ಅವನ ಮುಖ ಸಣ್ಣದಾಯಿತು. ಫುಲ್ವಿಯಾ ಕಡೆ ತಿರುಗಿ, "ಹಾಗಾದ್ರೆ ಛಾವಣಿ ನಾನ್ಯಾಕೆ ಹೊದಿಸ್ಲಿ? ಮಳೆ ಬಂದ್ರೆ ಕೊಡೆ ಹಿಡ್ಕೊಂಡು ಮಲ್ಕೋ!" ಎಂದ. ನಾನದನ್ನು ಇಟಾಲಿಯನ್ನಿನಲ್ಲಿ ಹೇಳಿದೆ. ಅವಳು ನಕ್ಕು, ನೋಟರಿಗೆ ಹೇಳಿ ಆ ಸಾಲನ್ನೇ ತೆಗೆಸಿದಳು.

ಎರಡು ನಿಮಿಷದ ಕೆಲಸ, ಸ್ಟೊಯಾನ್.

ನಮ್ಮ ಮದುವೆಯ ಒಪ್ಪಂದದ ದಿನ ನೀನು, ಇಟಾಲಿಯನ್ ಬರುತ್ತದೆ ಎಂದು ಜಂಬ ಕೊಚ್ಚಿ ದುಭಾಷಿ ಬೇಡವೆಂದೆ. ಆಮೇಲೆ ನೋಟರಿ ಆರನೇ ಷರತ್ತು ಓದಿದಾಗ ನನ್ನ ಕಿವಿಯಲ್ಲಿ, "ಏನಂತೆ ಕಣೇ?" ಎಂದು ಕೇಳಿದೆ.

"ಜಗಳ ಆಡದೆ ಬಾಳಿ ಅಂದ್ರು," ಎಂದೆ ನಾನು.

ಹದಿನಾರು ವರ್ಷ ನೀನು ನನ್ನ ಮನೆಯ ಗೋಡೆ ಕಟ್ಟಿದೆ, ಹೆಂಚು ಹೊದಿಸಿದೆ. ಬೇರೆಯಾದಾಗ ಒಂದು ಚೀಲ ಹಿಡಿದು ಹೊರಟೆ. ಅಂಥ ಷರತ್ತಿತ್ತೆಂದು ನನಗೂ ತಿಳಿದಿರಲಿಲ್ಲ ಎಂದು ನಾನು ಬಾಗಿಲಲ್ಲಿ ನಿಂತು ಹೇಳಿದ್ದೆ.

ತಿಳಿದಿತ್ತು. ಅದನ್ನು ಬರೆಸಿದವಳೇ ನಾನು.